ಗಾಮಾ ಕಿರಣಕ್ಕೆ ಯಾವ ಗಾಜು? ಕೊಡಗಿನ ಆಸ್ಪತ್ರೆ, ಲ್ಯಾಬುಗಳಿಗೊಂದು ಹೋಲಿಕೆ

‘ಎರಡು ಎಂಎಂ ಲೆಡ್ ಗ್ಲಾಸ್ ಬೇಕು’ ಎಂದು ಕೇಳಿದರೆ ಅಂಗಡಿಯವರು ಹೆಚ್ಚು ಮಾತಾಡದೆ ಬೆಲೆ ಹೇಳುತ್ತಾರೆ. ತಪ್ಪು ಶುರುವಾಗುವುದು ಅಲ್ಲೇ. ಆ ‘ಎರಡು ಎಂಎಂ’ ಗಾಜಿನ ದಪ್ಪ ಅಲ್ಲ. 2 ಮಿ.ಮೀ. ಸೀಸದ ಹಾಳೆ ಎಷ್ಟು ತಡೆಯುತ್ತದೋ ಈ ಗಾಜೂ ಅಷ್ಟು ತಡೆಯುತ್ತದೆ ಎಂಬುದಷ್ಟೇ ಅದರ ಅರ್ಥ. ಆ ಅಳತೆಯನ್ನು ತೆಗೆದಿರುವುದು ಸಾಮಾನ್ಯವಾಗಿ 100ರಿಂದ 150 ಕೆವಿ (ಕಿಲೋವೋಲ್ಟ್) ಎಕ್ಸ್‌ರೇ ಮೇಲೆ. ಎಕ್ಸ್‌ರೇ ಕೋಣೆಗೆ ಅದು ಸಾಕು. ಗಾಮಾ ಮೂಲದ, ಅಂದರೆ ಗಾಮಾ ಕಿರಣ ಸೂಸುವ ವಸ್ತುವಿನ, ಮುಂದೆ ನಿಲ್ಲುವವರಿಗೆ ಅದರಿಂದ ಬಹಳ ಕಡಿಮೆ ತಿಳಿಯುತ್ತದೆ.

ಒಂದು ಲೆಕ್ಕ ನೋಡಿ. 2 ಮಿ.ಮೀ. ಸೀಸಕ್ಕೆ ಸಮ ಎಂದು ಮಾರುವ ಗಾಜಿನ ನಿಜವಾದ ದಪ್ಪ ಸುಮಾರು 8 ಮಿ.ಮೀ., ಸಾಂದ್ರತೆ ಘನ ಸೆಂ.ಮೀ.ಗೆ 5 ಗ್ರಾಂ ಆಸುಪಾಸು. ಸ್ಕ್ಯಾನಿಗಾಗಿ ರೋಗಿಗೆ ಚುಚ್ಚುವ ಟೆಕ್ನೀಶಿಯಂ-99ಎಂ ಹೊರಸೂಸುವ 140 ಕೆಇವಿ (ಕಿಲೋ ಇಲೆಕ್ಟ್ರಾನ್ ವೋಲ್ಟ್, ಕಿರಣದ ಶಕ್ತಿಯ ಅಳತೆ) ಗಾಮಾದಲ್ಲಿ ಈ ಗಾಜನ್ನು ದಾಟುವುದು ಶೇ. 0.3ರಷ್ಟು ಮಾತ್ರ. ಅದೇ ಗಾಜಿನ ಮುಂದೆ ಪೆಟ್ ಸ್ಕ್ಯಾನಿಗೆ ಬಳಸುವ ಫ್ಲೋರಿನ್-18 ಇಟ್ಟರೆ ಶೇ. 60 ದಾಟುತ್ತದೆ. ಸೀಸಿಯಂ-137 ಆದರೆ ಶೇ. 68, ಕೋಬಾಲ್ಟ್-60 ಆದರೆ ಶೇ. 79. ಗಾಜು ಬದಲಾಗಿಲ್ಲ, ಲೇಬಲ್ಲೂ ಬದಲಾಗಿಲ್ಲ. ಬದಲಾದದ್ದು ಕಿರಣದ ಶಕ್ತಿ. ಆದ್ದರಿಂದ ಗಾಜಿನ ಜಾತಿ ಕೇಳುವ ಮೊದಲು ‘ಮೂಲ ಯಾವುದು, ಅದರ ಶಕ್ತಿ ಎಷ್ಟು ಕೆಇವಿ’ ಎಂದು ಕೇಳಿಕೊಳ್ಳಬೇಕು.

ಅರ್ಧಕ್ಕಿಳಿಸಲು ಎಷ್ಟು ದಪ್ಪ

ಕಿರಣದ ಬಲವನ್ನು ಸರಿಯಾಗಿ ಅರ್ಧಕ್ಕಿಳಿಸುವ ದಪ್ಪವನ್ನು ಇಲ್ಲಿ ಅರ್ಧಪದರ ಎನ್ನೋಣ. ಎರಡು ಅರ್ಧಪದರವಾದರೆ ಕಾಲು ಭಾಗ ಉಳಿಯುತ್ತದೆ, ಹತ್ತಾದರೆ ಸಾವಿರದಲ್ಲೊಂದು. ಕೆಳಗಿನ ಅಂಕಿಗಳು ಮಿಲಿಮೀಟರಿನಲ್ಲಿವೆ. ಸೀಸದ ಗಾಜು ಎಂದರೆ ತೂಕದಲ್ಲಿ ಸುಮಾರು ಶೇ. 65 ಸೀಸದ ಆಕ್ಸೈಡ್ ಇರುವ, 5 ಸಾಂದ್ರತೆಯದ್ದು. ಸೀಸದ ಅಕ್ರಿಲಿಕ್ ಎಂದರೆ ಶೇ. 30 ಸೀಸ ಬೆರೆತ, 1.6 ಸಾಂದ್ರತೆಯ ಪ್ಲಾಸ್ಟಿಕ್ ಹಾಳೆ.

| ಮೂಲ, ಶಕ್ತಿ | ಸೀಸ | ಸೀಸದ ಗಾಜು | ಸೀಸದ ಅಕ್ರಿಲಿಕ್ | ಕಿಟಕಿಯ ಸಾದಾ ಗಾಜು |
|---|---|---|---|---|
| ಟೆಕ್ನೀಶಿಯಂ-99ಎಂ, 140 ಕೆಇವಿ | 0.26 | 0.9 | 5.3 | 20 |
| ಅಯೋಡಿನ್-131, 364 ಕೆಇವಿ | 2.2 | 6.7 | 27 | 28 |
| ಫ್ಲೋರಿನ್-18, 511 ಕೆಇವಿ | 3.9 | 11 | 39 | 32 |
| ಸೀಸಿಯಂ-137, 662 ಕೆಇವಿ | 5.6 | 14 | 47 | 36 |
| ಕೋಬಾಲ್ಟ್-60, ಸರಾಸರಿ 1250 ಕೆಇವಿ | 10.4 | 24 | 72 | 49 |

ಇವು ಕಿರಿದಾದ ನೇರ ಕಿರಣಪುಂಜಕ್ಕೆ ಮಾಡಿದ ಲೆಕ್ಕ. ನಿಜವಾದ ಕೋಣೆಯಲ್ಲಿ ಗಾಜಿನೊಳಗೇ ಚದುರಿ ಓರೆಯಾಗಿ ಬರುವ ಕಿರಣವೂ ಸೇರಿಕೊಳ್ಳುತ್ತದೆ. ಹಾಗಾಗಿ ಲೆಕ್ಕಕ್ಕೆ ಸಿಕ್ಕ ದಪ್ಪದ ಮೇಲೆ ಇನ್ನೊಂದು ಅರ್ಧಪದರ ಸೇರಿಸುವುದು ಒಳ್ಳೆಯ ಅಭ್ಯಾಸ. ಅಂತಿಮ ವಿನ್ಯಾಸವನ್ನು ವಿಕಿರಣ ಸುರಕ್ಷತಾ ಅಧಿಕಾರಿಯೇ ಮಾಡಬೇಕು. ಈ ಪಟ್ಟಿ ಕೊಟೇಶನ್ ತರಿಸುವ ಹಂತಕ್ಕೆ.

ಪಟ್ಟಿಯಲ್ಲಿ ಎರಡು ವಿಷಯ ಕಣ್ಣಿಗೆ ಬೀಳಬೇಕು. ಮೊದಲನೆಯದು, 140 ಕೆಇವಿಯಲ್ಲಿ ಸೀಸದ ಗಾಜು ಸೀಸಕ್ಕಿಂತ ಮೂರೂವರೆ ಪಟ್ಟು ದಪ್ಪ ಬೇಕು, ಕೋಬಾಲ್ಟಿನ ಮುಂದೆ ಎರಡೂಕಾಲು ಪಟ್ಟು ಸಾಕು. ಗಾಜು ಜಾಣವಾಯಿತು ಎಂದಲ್ಲ, ಸೀಸವೇ ಸೋತಿತು. ಶಕ್ತಿ ಕಡಿಮೆ ಇರುವಾಗ ಸೀಸದ ಭಾರವಾದ ಪರಮಾಣು ಕಿರಣವನ್ನು ಪೂರ್ತಿ ನುಂಗಿಬಿಡುತ್ತದೆ. ಒಂದು ಎಂಇವಿ, ಅಂದರೆ 1000 ಕೆಇವಿ, ಹತ್ತಿರ ಬಂದರೆ ಎಲ್ಲ ವಸ್ತುವೂ ಮುಖ್ಯವಾಗಿ ಕಿರಣವನ್ನು ಚದುರಿಸುತ್ತದೆ. ಆಗ ಗ್ರಾಮಿಗೆ ಗ್ರಾಂ ಎಲ್ಲವೂ ಹೆಚ್ಚುಕಡಿಮೆ ಒಂದೇ, ಸಾಂದ್ರತೆಯಷ್ಟೇ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ಅಕ್ರಿಲಿಕ್ಕಿನದು. 511 ಕೆಇವಿಯಿಂದ ಮೇಲೆ, ಅಷ್ಟೇ ದಪ್ಪದ ಸಾದಾ ಕಿಟಕಿ ಗಾಜಿಗಿಂತ ಅದು ಕಡಿಮೆ ತಡೆಯುತ್ತದೆ. ದುಬಾರಿ ಹಣ ಕೊಟ್ಟು ಸಾದಾ ಗಾಜಿಗಿಂತ ಕೀಳಾದದ್ದನ್ನು ತರುವ ದಾರಿ ಇದು. ಹೆಸರಿನಲ್ಲಿ ‘ಲೆಡ್’ ಇದೆ ಎಂಬ ಒಂದೇ ಕಾರಣಕ್ಕೆ ಪೆಟ್ ವಿಭಾಗಕ್ಕೆ ಅಕ್ರಿಲಿಕ್ ತರಿಸಬೇಡಿ.

ಒಂದೊಂದರ ಗುಣ

ಹೆಚ್ಚು ಸೀಸದ ಗಾಜೇ ಬಹುತೇಕ ಎಲ್ಲ ಗಾಮಾ ಕೆಲಸಕ್ಕೆ ಮೊದಲ ಆಯ್ಕೆ. ಒಳ್ಳೆಯ ವೈದ್ಯಕೀಯ ದರ್ಜೆಯದಾದರೆ ಸಾಂದ್ರತೆ 4.8ಕ್ಕಿಂತ ಮೇಲಿರಬೇಕು. ವಕ್ರೀಭವನ ಸೂಚ್ಯಂಕ 1.8ರ ಹತ್ತಿರ ಇರುವುದರಿಂದ ಒಂದೊಂದು ಮೈಯಲ್ಲೂ ಶೇ. 8ರಷ್ಟು ಬೆಳಕು ಪ್ರತಿಫಲಿಸುತ್ತದೆ, ಸಾದಾ ಗಾಜಿನಲ್ಲಿ ಅದು ಶೇ. 4. ಕಂಟ್ರೋಲ್ ರೂಮಿನಲ್ಲಿ ನಿಮ್ಮ ತಲೆಯ ಹಿಂದೆ ಟ್ಯೂಬ್‌ಲೈಟ್ ಇದ್ದರೆ ರೋಗಿಗಿಂತ ಆ ಲೈಟೇ ಚೆನ್ನಾಗಿ ಕಾಣುತ್ತದೆ. ಲೈಟನ್ನು ಕಿಟಕಿಯ ನೇರ ಮೇಲಕ್ಕೆ ಸರಿಸಿ. ಈ ಗಾಜು ಮೆದು, ಬೇಗ ಗೀರು ಬೀಳುತ್ತದೆ, ಅಂಚು ಸಿಡಿಯುತ್ತದೆ. ಊರಿನ ಗಾಜಿನ ಅಂಗಡಿಯ ವಜ್ರದ ಕಟರಿನಲ್ಲಿ ಸೈಟಿನಲ್ಲೇ ಕತ್ತರಿಸುವ ಕೆಲಸಕ್ಕೆ ಕೈಹಾಕಬಾರದು. ಅಳತೆ ಕೊಟ್ಟೇ ತರಿಸಬೇಕು. ಕೈತಾಗುವ ಜಾಗವಾದರೆ ಎರಡೂ ಕಡೆ ತೆಳು ಸಾದಾ ಗಾಜು ಲ್ಯಾಮಿನೇಟ್ ಮಾಡಿಸಿದ ಬಗೆ ಕೇಳಿ. ಕೊಡಗಿನ ತೇವಕ್ಕೆ ನಮ್ಮ ಶಿಫಾರಸು ಅದೇ.

ಬೇರಿಯಂ ಗಾಜಿನಲ್ಲಿ ಸೀಸ ಇಲ್ಲ, ಸಾಂದ್ರತೆ ಮೂರರ ಸ್ವಲ್ಪ ಮೇಲೆ. ಇದನ್ನು ಸೀಸದ ಬಡ ತಮ್ಮ ಎಂದು ತಳ್ಳಿಹಾಕುವವರಿದ್ದಾರೆ, ಆದರೆ ಶಕ್ತಿಯ ಒಂದು ಕಿರಿದಾದ ವ್ಯಾಪ್ತಿಯಲ್ಲಿ ಇದರದೇ ಮೇಲುಗೈ. ಬೇರಿಯಂ ಪರಮಾಣು 37.4 ಕೆಇವಿಯಿಂದ ಮೇಲೆ ಇದ್ದಕ್ಕಿದ್ದಂತೆ ಹೆಚ್ಚು ಹೀರತೊಡಗುತ್ತದೆ, ಸೀಸದಲ್ಲಿ ಆ ಜಿಗಿತ ಬರುವುದು 88 ಕೆಇವಿಯಲ್ಲಿ. ನಡುವಿನ 60 ಕೆಇವಿಯಲ್ಲಿ ಗ್ರಾಂ ಲೆಕ್ಕದಲ್ಲಿ ಕಿರಣ ತಡೆಯುವ ಬಲ ಬೇರಿಯಂನದು 8.5, ಸೀಸದ್ದು 5. ಅಮೆರಿಸಿಯಂ-241ರ 59.5 ಕೆಇವಿ ಗಾಮಾಕ್ಕೆ, ಹಲ್ಲಿನ ಎಕ್ಸ್‌ರೇಗೆ ಬೇರಿಯಂ ಗಾಜು ಚೊಕ್ಕ ಆಯ್ಕೆ. 140ಕ್ಕೆ ಬಂದರೆ ಲೆಕ್ಕ ತಿರುಗುತ್ತದೆ: ಸೀಸ 2.4, ಬೇರಿಯಂ 0.9. ಸೀಸಿಯಂ, ಕೋಬಾಲ್ಟ್ ಮುಂದೆ ಅದು ಭಾರದ ಸಾದಾ ಗಾಜು ಅಷ್ಟೇ.

ಸೀಸದ ಅಕ್ರಿಲಿಕ್ ಗಾಜಿನಂತೆ ಒಡೆಯುವುದಿಲ್ಲ, ದೊಡ್ಡ ಹಾಳೆ ಸಿಗುತ್ತದೆ, ಗರಗಸಕ್ಕೆ ಬಗ್ಗುತ್ತದೆ. ಎಕ್ಸ್‌ರೇ ಲೆಕ್ಕದಲ್ಲಿ 12 ಮಿ.ಮೀ. ಹಾಳೆ 0.5 ಮಿ.ಮೀ. ಸೀಸಕ್ಕೆ, 22 ಮಿ.ಮೀ. ಹಾಳೆ 1 ಮಿ.ಮೀ. ಸೀಸಕ್ಕೆ ಸಮ. ಸ್ವಲ್ಪ ಹಳದಿ ಛಾಯೆ ಇರುತ್ತದೆ. ಸ್ಪಿರಿಟ್ ಅಥವಾ ಸ್ಯಾನಿಟೈಸರಿನಲ್ಲಿ ಒರೆಸಿದರೆ ಮೈತುಂಬ ಕೂದಲೆಳೆಯ ಬಿರುಕು ಏಳುತ್ತದೆ. ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಗೆ ಇದನ್ನು ಹೇಳದೆ ಹಾಳಾದ ತೆರೆಗಳಿಗೆ ಲೆಕ್ಕವಿಲ್ಲ. ಚಕ್ರದ ಮೇಲಿನ ತೆರೆ, ಟೆಕ್ನೀಶಿಯಂ ಚುಚ್ಚುವ ಟೇಬಲಿನ ಮುಂದಿನ ತಡೆ, ಇಷ್ಟಕ್ಕೆ ಇದನ್ನು ಇಟ್ಟುಕೊಳ್ಳಿ.

ಸೀರಿಯಂ ಬೆರೆಸಿದ ಗಾಜಿನ ಮಾತು ಕೊಡಗಿನ ಓದುಗರಿಗೆ ಬರುವುದು ಅಪರೂಪ. ಭಾರೀ ವಿಕಿರಣ ಬಿದ್ದ ಗಾಜಿನೊಳಗೆ ಬಿಡಿ ಇಲೆಕ್ಟ್ರಾನುಗಳು ಸಿಕ್ಕಿಹಾಕಿಕೊಂಡು ಬಣ್ಣದ ಕೇಂದ್ರಗಳಾಗುತ್ತವೆ, ಗಾಜು ಕಂದಾಗುತ್ತದೆ. ಸ್ವಲ್ಪ ಸೀರಿಯಂ ಆಕ್ಸೈಡ್ ಸೇರಿಸಿದರೆ ಅದು ತಪ್ಪುತ್ತದೆ. ಬದಲಿಗೆ ಮೊದಲಿನಿಂದಲೇ ತೆಳು ಹಳದಿ ಬರುತ್ತದೆ. ದಪ್ಪ ಗೋಡೆಯೊಳಗೆ ಅಣು ಇಂಧನವನ್ನು ಹೊರಗಿನಿಂದಲೇ ಕೈಯಾಡಿಸುವ ಹಾಟ್ ಸೆಲ್‌ಗಳ ಕಿಟಕಿಗೆ ಇದು ಬೇಕೇ ಬೇಕು. ಅಲ್ಲಿ ಮೂಲದ ಕಡೆಗೆ ಸೀರಿಯಂ ಗಾಜು, ಅದರ ಹಿಂದೆ ಸೀಸದ ಗಾಜಿನ ದಪ್ಪ ಹಲಗೆಗಳು, ನಡುವೆ ಪ್ರತಿಫಲನ ತಗ್ಗಿಸಲು ಖನಿಜ ತೈಲ. ಹಳೆಯ ಕಿಟಕಿಗಳಲ್ಲಿ 2.5 ಸಾಂದ್ರತೆಯ ಜಿಂಕ್ ಬ್ರೋಮೈಡ್ ದ್ರಾವಣವನ್ನೇ ತುಂಬುತ್ತಿದ್ದರು. ಕಂದಾಗದು, ಆದರೆ ಸೋರಿದರೆ ಲೋಹವನ್ನು ತಿನ್ನುತ್ತದೆ. ರೋಗನಿದಾನದ ಕೋಣೆಯ ಕಿಟಕಿಗೆ ವರ್ಷಕ್ಕೆ ಬೀಳುವ ಡೋಸು ಗಾಜು ಕಂದಾಗಲು ಬೇಕಾದದ್ದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಅಲ್ಲಿಗೆ ಸೀರಿಯಂ ಗಾಜು ತೋರಿಸಿ ಹೆಚ್ಚು ಬೆಲೆ ಹೇಳಿದರೆ ಬೇಡ ಎನ್ನಿ.

ಬಿಸ್ಮತ್ ಗಾಜು, ಟೆಲ್ಯುರೈಟ್ ಗಾಜು ಸಂಶೋಧನಾ ಪ್ರಬಂಧಗಳಲ್ಲಿ ಬಹಳ ಕಾಣುತ್ತವೆ. ಬಿಸ್ಮತ್‌ನ ಪರಮಾಣು ಸಂಖ್ಯೆ 83, ಸೀಸದ್ದು 82. ತಡೆಯುವ ಗುಣ ಹೆಚ್ಚುಕಡಿಮೆ ಅದೇ, ವಿಷ ಕಡಿಮೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ಕಿಟಕಿಗೆ ಬೇಕಾದ ಅಳತೆಯ ಹಾಳೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಇನ್ನು ಹಳೆಯ ಟಿವಿ ಗಾಜು ಬಳಸುವ ಉಪಾಯ ಆಗಾಗ ಯಾರಾದರೂ ಹೇಳುತ್ತಾರೆ. ಪಿಕ್ಚರ್ ಟ್ಯೂಬಿನ ಮುಂಭಾಗದಲ್ಲಿ ಇರುವುದು ಹೆಚ್ಚಾಗಿ ಬೇರಿಯಂ, ಸ್ಟ್ರಾನ್ಷಿಯಂ. ಸೀಸ ಇರುವುದು ಹಿಂದಿನ ಕೊಳವೆಯ ಆಕಾರದ ಭಾಗದಲ್ಲಿ. ಅದನ್ನು ಕತ್ತರಿಸಿ ಚಪ್ಪಟೆ ಮಾಡಲಾಗದು. ಬಿಟ್ಟುಬಿಡಿ.

ಗಾಜೇ ಬೇಡದ ಜಾಗಗಳು

ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿನಂಥ ಕಡೆ ಭೌತಶಾಸ್ತ್ರದ ಪಾಠಕ್ಕೆ ಬಳಸುವಂಥ ಸೀಸಿಯಂ-137 ಗುಂಡಿಯಲ್ಲಿ ಸಾಮಾನ್ಯವಾಗಿ ಇರುವುದು ಕೆಲವೇ ಮೈಕ್ರೋಕ್ಯೂರಿ. 5 ಮೈಕ್ರೋಕ್ಯೂರಿ, ಅಂದರೆ 185 ಕಿಲೋಬೆಕರೆಲ್ ಎಂದಿಟ್ಟುಕೊಳ್ಳಿ. ಕ್ಯೂರಿ, ಬೆಕರೆಲ್ ಎರಡೂ ಮೂಲದ ಬಲದ ಅಳತೆ, ಸೀವರ್ಟ್ ದೇಹಕ್ಕೆ ತಗಲುವ ಡೋಸಿನ ಅಳತೆ. ಒಂದು ಅಡಿ ದೂರದಲ್ಲಿ ಗಂಟೆಗೆ 0.2 ಮೈಕ್ರೋಸೀವರ್ಟ್‌ಗಿಂತ ಕಡಿಮೆ. ನೆಲ, ಗೋಡೆ, ಆಕಾಶದಿಂದ ಹೇಗೂ ಬರುವ ಹಿನ್ನೆಲೆ ಗಂಟೆಗೆ 0.1ರ ಸುಮಾರು. ಇದಕ್ಕೆ ಗಾಜಿನ ತೆರೆ ದಂಡ. ಇಕ್ಕಳದಲ್ಲಿ ಹಿಡಿಯುವುದು, ಕೆಲಸ ಮುಗಿದೊಡನೆ ಸೀಸದ ಡಬ್ಬಿಗೆ ಹಾಕಿ ಬೀಗ ಹಾಕುವುದು, ರಿಜಿಸ್ಟರಿನಲ್ಲಿ ಬರೆಯುವುದು ಇಷ್ಟೇ ಸಾಕು. ಮೂಲ ಕಳೆದುಹೋಗುವುದೇ ಇಲ್ಲಿನ ನಿಜವಾದ ಅಪಾಯ.

ಅದೇ ಲ್ಯಾಬಿಗೆ 37 ಮೆಗಾಬೆಕರೆಲ್ ಸೀಸಿಯಂ ತಂದರೆ ಮಾತು ಬೇರೆ. 30 ಸೆಂ.ಮೀ.ನಲ್ಲಿ ಗಂಟೆಗೆ 37 ಮೈಕ್ರೋಸೀವರ್ಟ್ ಸುಮಾರು. ಅದನ್ನು 3ಕ್ಕಿಳಿಸಲು 12 ಪಟ್ಟು ಕಡಿತ ಬೇಕು, ಅಂದರೆ ಮೂರೂವರೆ ಅರ್ಧಪದರ, ಜೊತೆಗೆ ಚದುರುವಿಕೆಗೆ ಒಂದು. ಸೀಸದ ಗಾಜಿನಲ್ಲಿ ಅದು ಆರೂವರೆ ಸೆಂ.ಮೀ., ಸೀಸದ ಇಟ್ಟಿಗೆಯಲ್ಲಿ ಎರಡೂವರೆ. ಇಟ್ಟಿಗೆ ಅಡ್ಡವಿಟ್ಟು ಮೇಲೆ ಓರೆಯಾಗಿ ಒಂದು ಕನ್ನಡಿ ನಿಲ್ಲಿಸಿದರೆ ಗಾಜಿನ ಖರ್ಚಿಲ್ಲದೆ ಕೆಲಸ ಕಾಣುತ್ತದೆ.

ಕ್ಯಾಮೆರಾ ಇನ್ನೊಂದು ದಾರಿ, ಕೋಬಾಲ್ಟ್ ಚಿಕಿತ್ಸಾ ಕೋಣೆಗಳಲ್ಲಿ ಅದೇ ರೂಢಿ. ಅಲ್ಲಿ ಒಂದು ಮೀಟರ್ ಮೀರಿದ ಕಾಂಕ್ರೀಟು ಗೋಡೆ ಇರುತ್ತದೆ, ಅದಕ್ಕೆ ಸಮನಾದ ಗಾಜು ಯಾರಿಗೂ ಕೈಗೆಟುಕದು. ಆದರೆ ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳಿವು. ಕ್ಯಾಮೆರಾ, ಮಾನಿಟರ್, ಇಂಟರ್‌ಕಾಮ್ ಮೂರನ್ನೂ ಯುಪಿಎಸ್‌ಗೆ ಜೋಡಿಸಿ, ಯಂತ್ರದ ಜನರೇಟರಿನಿಂದ ಬೇರೆಯಾಗಿಯೇ ಇಡಿ.

ನ್ಯೂಕ್ಲಿಯರ್ ಮೆಡಿಸಿನ್ ಯೋಚಿಸುವವರಿಗೆ

ಟೆಕ್ನೀಶಿಯಂ ಮಾತ್ರ ಬಳಸುವುದಾದರೆ ಗಾಜಿನ ಆಯ್ಕೆ ಸುಲಭ, 8ರಿಂದ 10 ಮಿ.ಮೀ. ಸೀಸದ ಗಾಜು ಧಾರಾಳ. ಎಡವುವುದು ಜನರೇಟರಿನಲ್ಲಿ. ಇದು ಕರೆಂಟಿನ ಜನರೇಟರ್ ಅಲ್ಲ, ಟೆಕ್ನೀಶಿಯಂ ತೆಗೆಯುವ ಸಾಧನ. ಅದರೊಳಗಿನ ಮಾಲಿಬ್ಡಿನಮ್-99 ಸೂಸುವ ಮುಖ್ಯ ಗಾಮಾ 740 ಕೆಇವಿ. 140ಕ್ಕೆಂದು ತಂದ ಗಾಜು ಅದನ್ನು ಸುಮಾರು ಮೂರನೇ ಒಂದು ಭಾಗದಷ್ಟು ಮಾತ್ರ ತಡೆಯುತ್ತದೆ. ಜನರೇಟರಿಗೆ ಅದರದೇ ಸೀಸದ ಕವಚ ಇರಲಿ. ಹಾಲಿನಂತೆ ಟೆಕ್ನೀಶಿಯಂ ಕರೆಯುವಾಗ ನೋಡಲು ಬೇಕಾದ ಗಾಜನ್ನು ಆ ಕವಚಕ್ಕೆ ಬದಲಿ ಎಂದು ಎಣಿಸಬೇಡಿ.

ಫ್ಲೋರಿನ್-18 ಆದರೆ ಲೆಕ್ಕ ಭಾರವಾಗುತ್ತದೆ. ಅದರ ಅರ್ಧಾಯು, ಅಂದರೆ ಬಲ ಅರ್ಧಕ್ಕಿಳಿಯಲು ಹಿಡಿಯುವ ಸಮಯ, 110 ನಿಮಿಷ. ಬೆಂಗಳೂರಿನಿಂದ ಮಡಿಕೇರಿಗೆ ಐದೂವರೆ ಗಂಟೆ ಹಿಡಿದರೆ ಮೂರು ಅರ್ಧಾಯು ಕಳೆದು, ಹೊರಟದ್ದರ ಎಂಟನೇ ಒಂದು ಭಾಗ ಕೈಸೇರುತ್ತದೆ. ಒಬ್ಬ ರೋಗಿಗೆ 370 ಮೆಗಾಬೆಕರೆಲ್ ಎಂದರೆ, ತಡೆಯಿಲ್ಲದೆ 30 ಸೆಂ.ಮೀ. ದೂರದಲ್ಲಿ ಗಂಟೆಗೆ ಸುಮಾರು 590 ಮೈಕ್ರೋಸೀವರ್ಟ್. ಅದನ್ನು 20ಕ್ಕಿಳಿಸಲು ಐದು ಅರ್ಧಪದರ, ಮೇಲೊಂದು ಸೇರಿ ಆರೂವರೆ ಸೆಂ.ಮೀ. ಸೀಸದ ಗಾಜು. 30 × 30 ಸೆಂ.ಮೀ. ಕಿಟಕಿಯೇ 29 ಕಿಲೋ ತೂಗುತ್ತದೆ. ಟೇಬಲು, ನೆಲ ಎರಡನ್ನೂ ಅದಕ್ಕೆ ತಕ್ಕಂತೆ ಕಟ್ಟಿಸಬೇಕು.

ಎಕ್ಸ್‌ರೇ ಕೋಣೆಯ ಆಪರೇಟರ್ ತಡೆಗೆ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿಯಾದ ಎಇಆರ್‌ಬಿ ಬಯಸುವುದು 1.5 ಮಿ.ಮೀ. ಸೀಸಕ್ಕೆ ಸಮನಾದ ತೆರೆ ಮತ್ತು ಅದರಲ್ಲಿ ಅಷ್ಟೇ ಬಲದ ಕಿಟಕಿ. ಅಲ್ಲಿ ಅಂಗಡಿಯ ಲೇಬಲ್ ನಂಬಿಕೊಳ್ಳಬಹುದು. ವಿಕಿರಣ ಕೆಲಸಗಾರರಿಗೆ ಡೋಸಿನ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷವೂ 30 ಮೀರಬಾರದು, ಸಾರ್ವಜನಿಕರಿಗೆ 1. ಕೋಣೆಯ ನಕ್ಷೆ ಆ ಮಂಡಳಿಯ ಆನ್‌ಲೈನ್ ಪರವಾನಗಿ ತಾಣವಾದ ಇ-ಲೋರಾದಲ್ಲಿ ಒಪ್ಪಿಗೆಯಾದ ಮೇಲೆಯೇ ಗಾಜಿಗೆ ಮುಂಗಡ ಕೊಡಿ. ನಕ್ಷೆ ಬದಲಾದರೆ ಕಿಟಕಿಯ ಅಳತೆಯೂ ಬದಲಾಗುತ್ತದೆ, ಕತ್ತರಿಸಿದ ಗಾಜನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮಳೆ, ಮರ, ಘಾಟಿ

ಕೊಡಗಿನಲ್ಲಿ ಗಾಜು ಹಾಳಾಗುವುದು ವಿಕಿರಣದಿಂದಲ್ಲ, ತೇವದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಗಾಳಿಯಲ್ಲಿ ಸೀಸದ ಗಾಜಿನ ಮೈಮೇಲೆ ನೀರಿನ ತೆಳು ಪೊರೆ ಕೂತು, ಮೊದಲು ಕಾಮನಬಿಲ್ಲಿನಂಥ ಕಲೆ, ಆಮೇಲೆ ಬಿಳಿ ಮಬ್ಬು ಬರುತ್ತದೆ. ಪ್ಯಾಕಿಂಗಿನ ಕಾಗದ ಒದ್ದೆಯಾಗಿ ಗಾಜಿಗೆ ಅಂಟಿಕೊಂಡರೆ ಆ ಅಚ್ಚು ಮತ್ತೆ ಹೋಗದು. ಹೊಸ ಸಿಮೆಂಟಿನ ನೀರು ಹರಿದರೂ ಅದೇ ಗತಿ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಗಾರೆ ಪೂರ್ತಿ ಒಣಗಿಸಿ ಆಮೇಲೆ ಕೂರಿಸಿ. ಮೇ ಕೊನೆಗೆ ತರಿಸಿ ಗೋದಾಮಿನಲ್ಲಿಟ್ಟು ಮಳೆ ಕಳೆಯಲಿ ಎಂದರೆ ಆ ಗಾಜಿನ ಆಸೆ ಬಿಡಬೇಕು.

ಮರದ ಚೌಕಟ್ಟು ಬೇಡ. ನಮ್ಮಲ್ಲಿ ಒಳ್ಳೆಯ ಮರವಿದೆ, ಆಚಾರಿಯೂ ಸಿಗುತ್ತಾನೆ, ಆದರೂ ಬೇಡ. ಮರ ಮಳೆಗಾಲದಲ್ಲಿ ಉಬ್ಬಿ ಗಾಜಿನ ಅಂಚನ್ನು ಒತ್ತುತ್ತದೆ, ಬೇಸಿಗೆಯಲ್ಲಿ ಸೊರಗಿ ಸಂದು ಬಿಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಪೂರ್ತಿ ಪಕ್ವವಾಗದ ಮರದಿಂದ ಅಸಿಟಿಕ್ ಆಮ್ಲದ ಆವಿ ಬರುತ್ತದೆ, ಒಳಗೆ ಸುತ್ತಿದ ಸೀಸದ ಹಾಳೆ ಅದಕ್ಕೆ ಬಿಳಿ ಪುಡಿಯಾಗುತ್ತದೆ. ಬಣ್ಣ ಹೊಡೆದ ಉಕ್ಕಿನ ಅಥವಾ ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿ. ಸಿಲಿಕೋನ್ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ಹಚ್ಚುವಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟಿಕ್ ಬಗೆ, ಸೀಸದ ಹತ್ತಿರ ತರಬಾರದು. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ಕೇಳಿ. ಒರೆಸಲು ಮೆತ್ತನೆ ಬಟ್ಟೆ, ನೀರು, ಒಂದು ಹನಿ ಸೌಮ್ಯ ಸೋಪು, ತಕ್ಷಣ ಒಣಬಟ್ಟೆ. ನಿಂಬೆಹುಳಿ, ವಿನೆಗರ್, ಬಾತ್‌ರೂಮ್ ಆಸಿಡ್ ಯಾವುದೂ ಕೂಡದು. ಕಾಚಂಪುಳಿ ಪಂದಿಕರಿಗೇ ಇರಲಿ.

ಜಿಲ್ಲೆಗೆ ರೈಲಿಲ್ಲ. ಗಾಜು ಬರುವುದು ಮೈಸೂರು ಕಡೆಯಿಂದ ಕುಶಾಲನಗರದ ಮೇಲೆ, ಇಲ್ಲವೇ ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ. 100 × 80 ಸೆಂ.ಮೀ., 8 ಮಿ.ಮೀ. ಹಾಳೆಯೊಂದೇ 32 ಕಿಲೋ. ಮಲಗಿಸಿ ತಂದರೆ ತನ್ನ ತೂಕಕ್ಕೇ ಬಾಗಿ, ತಿರುವಿನ ಕುಲುಕಿಗೆ ಬಿರುಕು ಬಿಡುತ್ತದೆ. ಮರದ ಪೆಟ್ಟಿಗೆಯಲ್ಲಿ ಅಂಚಿನ ಮೇಲೆ ನೇರ ನಿಲ್ಲಿಸಿ, ಅಡಿಗೆ ರಬ್ಬರ್, ಒಳಗೆ ಸಿಲಿಕಾ ಜೆಲ್. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ನೆನಪಿರುವವರು ಮಳೆಗಾಲದಲ್ಲಿ ಆ ದಾರಿಗೆ ತಾರೀಕು ಕೊಡುವುದಿಲ್ಲ.

ಕೂರಿಸುವಾಗ, ಪರೀಕ್ಷಿಸುವಾಗ

ಸೋರುವುದು ಗಾಜಿನ ನಡುವಿನಿಂದಲ್ಲ, ಅಂಚಿನಿಂದ. ಗೋಡೆಯ ಸೀಸದ ಹಾಳೆ ಚೌಕಟ್ಟಿನೊಳಕ್ಕೆ ಬಂದು ಗಾಜಿನ ಮೇಲೆ ಕನಿಷ್ಠ ಗಾಜಿನ ದಪ್ಪದಷ್ಟು ಹಾಯಬೇಕು. 8 ಮಿ.ಮೀ. ಗಾಜಿಗೆ 12ರಿಂದ 15 ಮಿ.ಮೀ. ಬಿಟ್ಟರೆ ನಿಶ್ಚಿಂತೆ. ಗಾಜಿಗೂ ಚೌಕಟ್ಟಿಗೂ ನಡುವೆ ಸಿಲಿಕೋನ್ ತುಂಬಿದ ಸಂದು ಕಣ್ಣಿಗೆ ಮುಚ್ಚಿದಂತೆ ಕಂಡರೂ ಗಾಮಾಕ್ಕೆ ಅದು ತೆರೆದ ಬಾಗಿಲೇ. ಸ್ಕ್ರೂ ತೂತುಗಳ ಮೇಲೆ ಸೀಸದ ತುಂಡು ಹಚ್ಚಿಸಿ. ದಪ್ಪ ಕಿಟಕಿಯಾದರೆ ಅಂಚನ್ನು ಮೆಟ್ಟಿಲಿನಂತೆ ಕೊರೆಸಿ, ನೇರ ಸಂದು ಉಳಿಯದಂತೆ.

ಆರ್ಡರಿನಲ್ಲಿ ಇಷ್ಟು ಬರೆಯಿರಿ: ಮೂಲದ ಹೆಸರು, ಶಕ್ತಿ ಕೆಇವಿಯಲ್ಲಿ, ಆ ಶಕ್ತಿಯಲ್ಲಿ ಬೇಕಾದ ಸೀಸ-ಸಮಾನ ದಪ್ಪ, ಗಾಜಿನ ಕನಿಷ್ಠ ಸಾಂದ್ರತೆ, ಕನಿಷ್ಠ ದಪ್ಪ. ‘8 ಮಿ.ಮೀ. ಸುಮಾರು’ ಎಂದು ಬಿಟ್ಟರೆ 7 ಬರುತ್ತದೆ. ಜೊತೆಗೆ 10 × 10 ಸೆಂ.ಮೀ. ಮಾದರಿ ತುಂಡು ಕೇಳಿ ಪಡೆಯಿರಿ. ಅದನ್ನು ತಕ್ಕಡಿಗೆ ಹಾಕಿ. 8 ಮಿ.ಮೀ. ತುಂಡು 400 ಗ್ರಾಂ ತೂಗಬೇಕು. 200ರ ಹತ್ತಿರ ಬಂದರೆ ನಿಮಗೆ ಕೊಟ್ಟದ್ದು ಸಾದಾ ಗಾಜು, 250–280 ಬಂದರೆ ಬೇರಿಯಂ ಇರಬಹುದು.

ಕಾಲೇಜಿನ ಗಾಮಾ ಸ್ಪೆಕ್ಟ್ರೋಮೀಟರ್ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು. ಸೀಸಿಯಂ ಗುಂಡಿಗೂ ಸೋಡಿಯಂ ಅಯೋಡೈಡ್ ಡಿಟೆಕ್ಟರಿಗೂ ನಡುವೆ ತುಂಡಿಟ್ಟು 662 ಶಿಖರದ ಎಣಿಕೆ ನೋಡಿ, ಹಿನ್ನೆಲೆ ಕಳೆಯಿರಿ. 8 ಮಿ.ಮೀ. ತುಂಡಿಗೆ ಎಣಿಕೆ ಮೂರನೇ ಒಂದು ಭಾಗ ಇಳಿಯಬೇಕು. ಶೇ. 15 ಮಾತ್ರ ಇಳಿದರೆ ಸೀಸ ಇಲ್ಲ. ಕೂರಿಸಿದ ಮೇಲೆ ಸರ್ವೇ ಮೀಟರನ್ನು ಗಾಜಿನ ನಡುವೆ ಹಿಡಿದು ಸುಮ್ಮನಾಗದೆ ನಾಲ್ಕೂ ಅಂಚಿನಲ್ಲಿ, ಮೂಲೆಗಳಲ್ಲಿ ನಿಧಾನ ಓಡಿಸಿ. ಮೂಲೆಯ ಅಂಕಿ ನಡುವಿನದಕ್ಕಿಂತ ಏರಿದರೆ ಚೌಕಟ್ಟು ಬಿಚ್ಚಿಸಿ, ಸೀಸ ಸರಿಪಡಿಸದೆ ಬಿಲ್ಲಿಗೆ ಸಹಿ ಹಾಕಬೇಡಿ.

ಒಡೆದ ತುಂಡುಗಳನ್ನು ತೋಟದ ಗುಂಡಿಗೆ, ಪುರಸಭೆಯ ಕಸಕ್ಕೆ ಹಾಕುವಂತಿಲ್ಲ. ಹುಳಿ ಮಣ್ಣಿನಲ್ಲಿ ಸೀಸ ನಿಧಾನವಾಗಿ ಕರಗಿ ಇಳಿಯುತ್ತದೆ, ಕಾಫಿ ತೋಟದ ಮಣ್ಣು ಬಹುಪಾಲು ಹುಳಿಯೇ. ಮುಚ್ಚಳದ ಡಬ್ಬಿಯಲ್ಲಿ ಒಣಗಿಸಿಟ್ಟು ‘ಸೀಸದ ಗಾಜು’ ಎಂದು ಬರೆದು, ಮಾರಿದವರಿಗೋ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಮರುಬಳಕೆದಾರರಿಗೋ ರಸೀದಿ ಪಡೆದು ಒಪ್ಪಿಸಿ. ಈ ವಾಪಸಾತಿಯ ಮಾತನ್ನೂ ಕೊಳ್ಳುವ ದಿನದ ಆರ್ಡರಿನಲ್ಲೇ ಸೇರಿಸಿದರೆ ಮುಂದೆ ಫೋನಿಗೆ ಅಲೆಯುವುದು ತಪ್ಪುತ್ತದೆ.